ಮೂರು ಗಾಲಿಯ ಬಂಡಿಯ ಕುಲುಕಾಟ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಸ್ಪ್ರಿಂಗಿನ ವಿಷಯವಾಗಿ ಬರೆಯುತ್ತೇನೆಂದು ನಾನು ಹೇಳಿದಾಗ ಸಂಪಾದಕ ಮಂಡಲಿಯ ಗೆಳೆಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕುಮಾರವ್ಯಾಸನ ರೂಪಕಗಳ ಮೇಲೋ, ಗ್ರಾಮ ಪಂಚಾಯತಿಗಳ ಹಣಕಾಸಿನ ಮೇಲೋ ಬರೆಯಬೇಕಾದ ಅಂತಿಮ ಬಿ.ಎ. ವಿದ್ಯಾರ್ಥಿಗೆ ಗ್ಯಾರೇಜಿನ ಸಹವಾಸವೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಆ ಮೆಟ್ಟಿಲಿನವರೆಗೆ ನನ್ನನ್ನು ತಂದು ಇಳಿಸಿದ್ದು ಒಂದು ಆಟೋರಿಕ್ಷಾ. ನಮ್ಮ ತಂದೆಯವರು ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಓಡಿಸಿಕೊಂಡು ಬಂದಿದ್ದಾರೆ. ಎರಡು ವರ್ಷಗಳ ಹಿಂದೆ ಅವರ ಸೊಂಟ ಹಿಡಿದುಕೊಂಡಿತು. ವೈದ್ಯರು ಚಿತ್ರ ತೆಗೆಸಿ ನೋಡಿ, ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತೆ ಸವೆದಿದೆ, ಗಾಡಿ ಬಿಡುವುದನ್ನು ನಿಲ್ಲಿಸಿದರೆ ಒಳ್ಳೆಯದು ಎಂದರು. ತಂದೆಯವರು ಏನೂ ಮಾತನಾಡದೆ ಔಷಧದ ಚೀಟಿಯನ್ನು ನಾಲ್ಕಾಗಿ ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಗಾಡಿ ಎಂದಿನಂತೆ ಬಸ್ ನಿಲ್ದಾಣದ ಎದುರು ನಿಂತಿತ್ತು.

ಗಾಡಿ ಬಿಡುವುದನ್ನು ನಿಲ್ಲಿಸುವುದು ಸಾಧ್ಯವಿಲ್ಲವೆಂದ ಮೇಲೆ ಗಾಡಿಯ ಕುಲುಕಾಟವನ್ನಾದರೂ ಕಡಿಮೆ ಮಾಡಬಹುದೇ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಒಂದು ವರ್ಷ ಅಲೆದೆ. ಪಕ್ಕದ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮದಲ್ಲದ ವಿದ್ಯಾರ್ಥಿಗೆ ಸಂಜೆಯ ಹೊತ್ತು ಪಾಠ ಹೇಳಿದರು. ಅವರಿಂದ ತಿಳಿದದ್ದನ್ನೂ ಗ್ಯಾರೇಜಿನ ನೆಲದ ಮೇಲೆ ಮಲಗಿ ಕಂಡದ್ದನ್ನೂ ಸೇರಿಸಿ ಇಲ್ಲಿ ವಿವರಿಸುತ್ತೇನೆ. ದಿನವೂ ಆಟೋದಲ್ಲಿ ಕುಳಿತು ತಲೆಯನ್ನು ಮೇಲಣ ಸರಳಿಗೆ ಕುಟ್ಟಿಸಿಕೊಳ್ಳುವ ಸಹಪಾಠಿಗಳಿಗೂ ಗುರುಗಳಿಗೂ ಇದು ಸಂಪೂರ್ಣ ಪರಕೀಯವೆನಿಸಲಾರದು.

ಮೊದಲು ಈ ವಾಹನದ ಜಾತಕ. ಆಟೋರಿಕ್ಷಾವನ್ನು ನಾವು ಚಿಕ್ಕ ಕಾರೆಂದು ಭಾವಿಸುವುದುಂಟು. ನಿಜಕ್ಕೂ ಅದು ಮೂರು ಗಾಲಿಯ ಮೋಟಾರು ಸೈಕಲ್ಲು. ಅದಕ್ಕೆ ಕಾರಿನ ಹಾಗೆ ಸ್ಟೇರಿಂಗ್ ಚಕ್ರವಿಲ್ಲ, ಸ್ಕೂಟರಿನ ಹ್ಯಾಂಡಲ್ಲಿದೆ. ಇಟಲಿಯ ಪಿಯಾಜ್ಜಿಯೋ ಕಂಪೆನಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದನ್ನು ರೂಪಿಸಿದ ಕೊರ್ರಾದೀನೊ ದಾಸ್ಕಾನಿಯೊ ವಿಮಾನ ವಿದ್ಯೆಯ ಇಂಜಿನಿಯರು, ಹೆಲಿಕಾಪ್ಟರು ಕಟ್ಟಿದ್ದವನು. ವೆಸ್ಪಾದ ಮುಂಗಾಲಿಯನ್ನು ಎರಡು ಕಡೆಯಿಂದ ಹಿಡಿಯದೆ ಒಂದೇ ಪಕ್ಕದ ತೋಳಿಗೆ ಜೋಡಿಸಿದ್ದು ವಿಮಾನದ ಇಳಿಗಾಲಿಯ ಮಾದರಿಯಲ್ಲಿ. ಅದೇ ಸ್ಕೂಟರಿನ ಹಿಂಭಾಗಕ್ಕೆ ಎರಡು ಗಾಲಿ ಕೂಡಿಸಿ, ಸಾಮಾನು ಹೇರುವ ಬಂಡಿಯಾಗಿ ಮಾಡಿ, 1948ರಲ್ಲಿ 'ಆಪೆ' ಎಂಬ ಹೆಸರಿನಿಂದ ಮಾರಿದರು. ಇಟಲಿಯ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುನೊಣ. ಕಣಜಕ್ಕೆ ಜೇನುನೊಣ ಹುಟ್ಟಿದ ವಿಚಿತ್ರ ಸಂತಾನವಿದು. 1960ರ ಸುಮಾರಿನಲ್ಲಿ ಬಜಾಜ್ ಕಂಪೆನಿಯವರು ಪರವಾನಗಿ ಪಡೆದು ಇವುಗಳನ್ನು ನಮ್ಮ ದೇಶದಲ್ಲಿ ತಯಾರಿಸತೊಡಗಿದರು. ಕನ್ನಡನಾಡಿನಲ್ಲಿ 1980ರ 'ಆಟೋ ರಾಜ' ಚಿತ್ರದ ತರುವಾಯ ಶಂಕರನಾಗ್ ಅವರ ಭಾವಚಿತ್ರವಿಲ್ಲದ ಆಟೋ ನಿಲ್ದಾಣವನ್ನು ಕಾಣುವುದೇ ಅಪರೂಪವಾಯಿತು. ನಮ್ಮ ಗಾಡಿಯ ಹಿಂದಿನ ಗಾಜಿನಲ್ಲಿಯೂ ಅವರು ಇದ್ದಾರೆ. ಆ ಚಿತ್ರದಲ್ಲಿ ನಾಯಕನಿಗೆ ಸೊಂಟ ನೋವು ಬಂದ ನೆನಪು ನನಗಿಲ್ಲ.

ಗಾಲಿಗೂ ಗಾಡಿಯ ಮೈಗೂ ನಡುವೆ ಇದ್ದು ನೆಲದ ಏಟನ್ನು ತಡೆಯುವ ಏರ್ಪಾಡಿಗೆ ಗ್ಯಾರೇಜಿನಲ್ಲಿ ಸಸ್ಪೆನ್ಷನ್ ಎನ್ನುತ್ತಾರೆ. ತೂಗುವ್ಯವಸ್ಥೆ ಎಂದು ಪದಕೋಶದವರು ಹೇಳಿಯಾರು. ಅದನ್ನು ಹೇಳಿ ಕೇಳಿದರೆ ಅಂಗಡಿಯಲ್ಲಿ ತೊಟ್ಟಿಲ ಹಗ್ಗ ಕೊಟ್ಟಾರು. ಅದರಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ. ಗಾಲಿಯನ್ನು ಹಿಡಿದು ಮೇಲೆ ಕೆಳಗೆ ಆಡಗೊಡುವ ತೋಳು ಒಂದು. ಭಾರವನ್ನು ಹೊತ್ತು ಕುಗ್ಗಿ ಹಿಗ್ಗುವ ಸ್ಪ್ರಿಂಗು ಎರಡನೆಯದು. ಕೆಲವು ಮಾದರಿಗಳಲ್ಲಿ ಹಿಂದುಗಡೆ ಸುರುಳಿ ಸ್ಪ್ರಿಂಗಿಗೆ ಬದಲಾಗಿ ಗಟ್ಟಿ ರಬ್ಬರಿನ ಉಂಡೆಯೇ ಇರುತ್ತದೆ. ಆ ಕುಗ್ಗು ಹಿಗ್ಗಿಗೆ ಕಡಿವಾಣ ಹಾಕುವ ಷಾಕ್ ಅಬ್ಸಾರ್ಬರು ಮೂರನೆಯದು. ತೋಳು ತಿರುಗುವ ಕಡೆಗಳಲ್ಲಿ ಬುಷ್ ಎಂಬ ಬಳೆಗಳಿರುತ್ತವೆ. ಅವು ಚಿಕ್ಕವು, ಅಗ್ಗವಾದವು. ಆದ್ದರಿಂದಲೇ ಯಾರೂ ಅವುಗಳ ಕಡೆ ನೋಡುವುದಿಲ್ಲ.

ಸ್ಪ್ರಿಂಗಿನ ಧರ್ಮವನ್ನು ಮೊದಲು ಸಾರಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಈತ ಮಹಾ ಸಂಶಯಗ್ರಸ್ತ. ತನ್ನ ನಿಯಮವನ್ನು ಬೇರೆಯವರು ಕದ್ದಾರೆಂಬ ಭಯದಿಂದ 1676ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಗಳನ್ನು ಕಲಸಿಟ್ಟು ಒಗಟಾಗಿ ಅಚ್ಚು ಹಾಕಿಸಿದ. 1678ರಲ್ಲಿ ತಾನೇ ಒಗಟನ್ನು ಬಿಡಿಸಿದ. ಹಿಗ್ಗಿದಷ್ಟೂ ಬಲ ಎಂಬುದು ಅದರ ತಾತ್ಪರ್ಯ. ಹತ್ತು ಕಿಲೋ ಇಟ್ಟರೆ ಒಂದು ಸೆಂಟಿಮೀಟರು ಕುಗ್ಗುವ ಸ್ಪ್ರಿಂಗು ಇಪ್ಪತ್ತು ಕಿಲೋ ಇಟ್ಟರೆ ಎರಡು ಸೆಂಟಿಮೀಟರು ಕುಗ್ಗುತ್ತದೆ. ನಮ್ಮ ಸಂತೆಯ ತೂಗುಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ನಡೆಯುವುದು ಈ ನಿಯಮದ ಮೇಲೆಯೇ.

ಇಷ್ಟು ಸರಳವಾದ ನಿಯಮದಿಂದ ಒಂದು ಸೋಜಿಗ ಹೊರಡುತ್ತದೆ. ಸ್ಪ್ರಿಂಗಿನ ಮೇಲೆ ಕುಳಿತ ಮೈಯನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಇಷ್ಟು ಸಲ ಎಂಬ ಲೆಕ್ಕದಲ್ಲಿ ಏರಿಳಿಯುತ್ತದೆ. ಉಯ್ಯಾಲೆಗೆ ಅದರದೇ ಆದ ಲಯವಿರುವಂತೆ ಪ್ರತಿ ಗಾಡಿಗೂ ಒಂದು ಲಯವುಂಟು. ಅದನ್ನು ತಿಳಿಯಲು ಗಾಡಿಯ ತೂಕವಾಗಲಿ ಸ್ಪ್ರಿಂಗಿನ ಬಲವಾಗಲಿ ಬೇರೆಬೇರೆಯಾಗಿ ಬೇಡ. ಸುಮ್ಮನೆ ನಿಂತಿರುವಾಗ ಗಾಡಿಯ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದೊಂದು ತಿಳಿದರೆ ಸಾಕು. ಕುಗ್ಗು 10 ಸೆಂಟಿಮೀಟರಿದ್ದರೆ ಏರಿಳಿತ ಸೆಕೆಂಡಿಗೆ ಸುಮಾರು ಒಂದೂವರೆ ಸಲ. 5 ಇದ್ದರೆ ಎರಡು ಕಾಲು ಸಲ. ಎರಡೂವರೆ ಇದ್ದರೆ ಮೂರಕ್ಕೂ ಮಿಕ್ಕು. ಕುಗ್ಗು ಕಡಿಮೆಯಾದಷ್ಟೂ ಲಯ ಚುರುಕು. ಮೆತ್ತನೆಯ ಸ್ಪ್ರಿಂಗಿನ ಗಾಡಿ ತೊಟ್ಟಿಲಿನಂತೆ ತೂಗಿದರೆ ಗಟ್ಟಿ ಸ್ಪ್ರಿಂಗಿನದು ಜರಡಿಯಂತೆ ಆಡುತ್ತದೆ.

ಇದಕ್ಕೂ ಸೊಂಟಕ್ಕೂ ಏನು ಸಂಬಂಧ? ಕುಳಿತಿರುವ ಮನುಷ್ಯನ ಶರೀರವೂ ಒಂದು ಬಗೆಯ ಸ್ಪ್ರಿಂಗೇ. ತಲೆ, ಎದೆ, ಹೊಟ್ಟೆಯ ಭಾರವನ್ನು ಬೆನ್ನುಮೂಳೆಯೂ ಅದರ ಮೆತ್ತೆಗಳೂ ಹೊತ್ತಿವೆ. ಅದಕ್ಕೂ ಅದರದೇ ಲಯವಿದೆ: ಸೆಕೆಂಡಿಗೆ 4ರಿಂದ 8 ಸಲದ ನಡುವಿನ ಏರಿಳಿತವು ಕುಳಿತವನ ಬೆನ್ನಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಾಕುತ್ತದೆ. ಶರೀರದ ಕಂಪನವನ್ನು ಅಳೆಯುವುದಕ್ಕಾಗಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ 2631ನೆಯ ಮಾನಕದಲ್ಲಿಯೂ ಮೇಲೆ ಕೆಳಗಿನ ಕಂಪನದ ಮಟ್ಟಿಗೆ ಈ ಪಟ್ಟಿಗೇ ಹೆಚ್ಚಿನ ಬೆಲೆ ಕಟ್ಟಿದ್ದಾರೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಹೇಗೆ ಏರುತ್ತ ಹೋಗುವುದೋ ಹಾಗೆ, ಗಾಡಿಯ ಲಯ ಬೆನ್ನಿನ ಲಯದ ಸಮೀಪಕ್ಕೆ ಬಂದರೆ ಕುಲುಕಾಟ ಮೈಯೊಳಗೆ ಬೆಳೆಯುತ್ತದೆ. ಒಳ್ಳೆಯ ಗಾಡಿಯ ಗುಣವೆಂದರೆ ಅದರ ಲಯ ಈ ಪಟ್ಟಿಯಿಂದ ಆದಷ್ಟು ಕೆಳಗಿರುವುದು.

ಈ ಪಾಠವನ್ನು ಕೇಳಿದ ದಿನ ರಾತ್ರಿ ನಾನು ಟೇಪು ಹಿಡಿದು ನಮ್ಮ ಗಾಡಿಯ ಹಿಂದೆ ಕುಕ್ಕರಿಸಿದೆ. ಇಬ್ಬರು ಗೆಳೆಯರನ್ನೂ ತಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಮೂವರೂ ಸೇರಿ 180 ಕಿಲೋ. ಗಾಡಿಯ ಮೈ ಇಳಿದದ್ದು ಒಂದೂವರೆ ಸೆಂಟಿಮೀಟರು. ಪಕ್ಕದ ಬೀದಿಯವರ ಅದೇ ಮಾದರಿಯ ಗಾಡಿಯಲ್ಲಿ ಅದೇ ಮೂವರನ್ನು ಕೂರಿಸಿದಾಗ ಮೂರು ಸೆಂಟಿಮೀಟರು ಇಳಿಯಿತು. ಅಂದರೆ ನಮ್ಮ ಸ್ಪ್ರಿಂಗುಗಳು ಎರಡು ಪಟ್ಟು ಬಿರುಸು. ಹಿಂಗಾಲಿಗಳ ಸ್ಪ್ರಿಂಗಿನ ಮೇಲೆ ಖಾಲಿ ಗಾಡಿಯ ಭಾರ ಸುಮಾರು 200 ಕಿಲೋ ಎಂದು ಹಿಡಿದು ಲೆಕ್ಕ ಹಾಕಿದೆ. ಪಕ್ಕದವರ ಗಾಡಿಯ ಲಯ ಖಾಲಿಯಾಗಿದ್ದಾಗ ಸೆಕೆಂಡಿಗೆ 2.7, ಮೂವರು ಕುಳಿತಾಗ 2. ನಮ್ಮದು ಮೂವರು ಕುಳಿತಾಗ 2.8, ಖಾಲಿಯಾಗಿದ್ದಾಗ 3.9. ಬಾಡಿಗೆ ಸಿಗದೆ ತಂದೆಯವರು ಒಬ್ಬರೇ ತಿರುಗುವ ಹೊತ್ತಿನಲ್ಲೆಲ್ಲ ಗಾಡಿ ಅವರ ಬೆನ್ನಿನ ಲಯದ ಹೊಸ್ತಿಲಲ್ಲಿ ಕುಣಿಯುತ್ತಿತ್ತು. ಕಾಗದದ ಮೇಲೆ ಆ ಅಂಕಿ ಬಂದಾಗ ನಾನು ಮತ್ತೊಮ್ಮೆ ಕೂಡಿ ಕಳೆದು ನೋಡಿದೆ, ಅಷ್ಟೇ ಬಂತು.

ಗಟ್ಟಿ ಸ್ಪ್ರಿಂಗು ಎಲ್ಲಿಂದ ಬಂತು? ತಂದೆಯವರೇ ಹಾಕಿಸಿದ್ದು. ಅವರದು ಮೂರ್ಖತನವೆಂದು ಯಾರೂ ತಿಳಿಯಬಾರದು. ಸೋಮವಾರ ಸಂತೆಯ ದಿನ ಈರುಳ್ಳಿ ಮೂಟೆಗಳನ್ನು ಹೇರಬೇಕು; ಹಾಗೆ ಹೇರಿದಾಗ ಹಳೆಯ ಸ್ಪ್ರಿಂಗು ಪೂರ್ತಿಯಾಗಿ ಕುಗ್ಗಿ, ತೋಳು ಹೋಗಿ ತಡೆರಬ್ಬರಿಗೆ ಬಡಿಯುತ್ತಿತ್ತು. ಒಮ್ಮೆ ತಳ ಮುಟ್ಟಿದ ಮೇಲೆ ಸ್ಪ್ರಿಂಗು ಇದ್ದೂ ಇಲ್ಲದಂತೆಯೇ. ಆಗ ಬೀಳುವ ಏಟು ಯಾವ ಗಟ್ಟಿ ಸ್ಪ್ರಿಂಗಿನ ಏಟಿಗಿಂತಲೂ ಕ್ರೂರ. ಗಾಡಿಯ ಚಾಸಿಯೇ ಬಿರಿಯುವುದುಂಟು. ಅದಕ್ಕಾಗಿ ಗ್ಯಾರೇಜಿನವರು "ದಪ್ಪ ತಂತಿಯದು ಹಾಕೋಣ ಅಣ್ಣಾ" ಎಂದರು, ಇವರು ಹೂಂ ಎಂದರು. ವಾರದಲ್ಲಿ ಒಂದು ದಿನದ ಮೂಟೆಗಾಗಿ ಉಳಿದ ಆರು ದಿನ ಗಟ್ಟಿ ಸ್ಪ್ರಿಂಗಿನ ಮೇಲೆ ಕೂರುವುದಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರ ಲೆಕ್ಕ ತಪ್ಪೆಂದು ಹೇಳುವ ಧೈರ್ಯವಾಗಲಿಲ್ಲ. ಆ ಮೂಟೆಯ ದುಡ್ಡಿನಲ್ಲಿ ನನ್ನ ಪರೀಕ್ಷಾ ಶುಲ್ಕವೂ ಸೇರಿತ್ತು.

ದಪ್ಪ ತಂತಿಯೆಂದರೆ ಎಷ್ಟು ದಪ್ಪ? ವರ್ನಿಯರ್ ಇಟ್ಟು ಅಳೆದೆ. ಕಂಪೆನಿಯ ಸ್ಪ್ರಿಂಗಿನ ತಂತಿ 10 ಮಿಲಿಮೀಟರು, ನಮ್ಮದು 12. ಎರಡೇ ಎರಡು ಮಿಲಿಮೀಟರು! ಇಲ್ಲಿಯೇ ಗ್ಯಾರೇಜಿನ ಕಣ್ಣಂದಾಜು ಮೋಸ ಹೋಗುವುದು. ಸುರುಳಿ ಸ್ಪ್ರಿಂಗಿನ ಬಿರುಸು ತಂತಿಯ ದಪ್ಪವನ್ನು ನಾಲ್ಕು ಸಲ ಗುಣಿಸಿದಂತೆ ಏರುತ್ತದೆ. ದಪ್ಪ ಐದರಲ್ಲೊಂದು ಪಾಲು ಹೆಚ್ಚಿದರೆ ಬಿರುಸು 1.2ನ್ನು ನಾಲ್ಕು ಸಲ ಗುಣಿಸಿದಷ್ಟು, ಎಂದರೆ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ನನ್ನ ಟೇಪಿನ ಅಳತೆ ಸುಳ್ಳು ಹೇಳಿರಲಿಲ್ಲ. ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿದರೆ ಗಾಡಿ ತಗ್ಗಿ ಮೆತ್ತಗಾಗುತ್ತದೆಂದು ಹಲವರು ತಿಳಿದಿದ್ದಾರೆ. ತಗ್ಗುವುದು ನಿಜ, ಮೆತ್ತಗಾಗುವುದು ಸುಳ್ಳು. ಸುತ್ತುಗಳು ಕಡಿಮೆಯಾದಷ್ಟೂ ತಿರುಚಿಕೊಳ್ಳುವ ತಂತಿಯ ಉದ್ದ ಕಡಿಮೆ, ಆದ್ದರಿಂದ ಬಿರುಸು ಹೆಚ್ಚು. ಹತ್ತು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಬಿರುಸು ಶೇಕಡ 11ರಷ್ಟು ಏರುತ್ತದೆ.

ಹಾಗೆಯೇ ಸ್ಪ್ರಿಂಗಿನ ಕೆಳಗೆ ದಪ್ಪ ವಾಷರು ತುರುಕುವ ಪದ್ಧತಿ. ಅದರಿಂದ ಗಾಡಿ ಎತ್ತರವಾಗುತ್ತದೆ, ಆದರೆ ಸ್ಪ್ರಿಂಗಿನ ಬಿರುಸು ಇದ್ದಷ್ಟೇ ಇರುತ್ತದೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ರಸ್ತೆಯ ಗುಂಡಿಗೆ ತಳ ತಾಗಬಾರದೆಂದು ನಮ್ಮ ಗಾಡಿಗೂ ಐದು ಸೆಂಟಿಮೀಟರು ಎತ್ತರದ ವಾಷರು ಹಾಕಿಸಿದ್ದರು. ಅದರಿಂದಾದದ್ದನ್ನು ಹೇಳುವುದಕ್ಕೆ ಮೊದಲು ಮೂರು ಗಾಲಿಯ ರಹಸ್ಯವನ್ನು ವಿವರಿಸಬೇಕು.

ಮೂರು ಒಲೆಗುಂಡುಗಳ ಮೇಲೆ ಇಟ್ಟ ಮಡಕೆ ನೆಲ ಹೇಗಿದ್ದರೂ ಅಲುಗುವುದಿಲ್ಲ. ನಾಲ್ಕು ಕಾಲಿನ ಮೇಜಿಗೆ ಒಂದು ಕಾಲಡಿ ಕಾಗದ ಮಡಿಚಿಡಬೇಕಾದೀತು. ಮೂರು ಬಿಂದುಗಳು ಎಂದೂ ಒಂದೇ ಸಮತಲದಲ್ಲಿರುತ್ತವೆ ಎಂಬುದು ರೇಖಾಗಣಿತ. ಉಬ್ಬುತಗ್ಗಿನ ನೆಲದಲ್ಲಿ ಆಟೋದ ಮೂರು ಗಾಲಿಗಳೂ ನೆಲ ಮುಟ್ಟಿಕೊಂಡಿರುವುದು ಇದರಿಂದಲೇ. ಆದರೆ ಒಲೆಗುಂಡಿನ ಮೇಲಿನ ಮಡಕೆಯನ್ನು ಎರಡು ಗುಂಡುಗಳ ನಡುವಣ ಕಡೆಗೆ ತಳ್ಳಿ ನೋಡಿ, ಬಹು ಸುಲಭವಾಗಿ ಉರುಳುತ್ತದೆ. ಹಿಂಗಾಲಿಗಳ ನಡುವಣ ಅಂತರ 115 ಸೆಂಟಿಮೀಟರೆಂದಿಟ್ಟುಕೊಳ್ಳಿ. ಗಾಡಿಯ ನಡುಗೆರೆಯಿಂದ ಅಂಚಿಗೆ ಹಿಂದುಗಡೆ 57 ಸೆಂಟಿಮೀಟರಿಗೂ ಮಿಕ್ಕು ಸ್ಥಳವಿದೆ. ಮುಂದೆ ಬರುತ್ತಾ ತ್ರಿಕೋನ ಕಿರಿದಾಗುತ್ತದೆ. ಮುಂಗಾಲಿಗೂ ಹಿಂಗಾಲಿಗೂ ನಡುಮಧ್ಯದಲ್ಲಿ ಅದು 29 ಸೆಂಟಿಮೀಟರು ಮಾತ್ರ. ಭಾರವೆಲ್ಲ ಹಿಂದೆ ಇರುವವರೆಗೆ ಚಿಂತೆಯಿಲ್ಲ. ತಿರುವಿನಲ್ಲಿ ಬ್ರೇಕು ಒತ್ತಿದಿರೋ, ಭಾರ ಮುಂದಕ್ಕೂ ಹೊರಪಕ್ಕಕ್ಕೂ ಒಟ್ಟಿಗೆ ನುಗ್ಗುತ್ತದೆ. ತ್ರಿಕೋನ ಕಿರಿದಾಗಿರುವ ಕಡೆಗೇ ನುಗ್ಗುತ್ತದೆ. ಮೇಲಾಗಿ ಪಕ್ಕಕ್ಕೆ ವಾಲದಂತೆ ತಡೆಯುವ ಕೆಲಸದಲ್ಲಿ ಮುಂದಿನ ಒಂಟಿ ಗಾಲಿ ಏನೂ ಸಹಾಯ ಮಾಡಲಾರದು. ಎಲ್ಲವೂ ಹಿಂದಿನ ಎರಡು ಸ್ಪ್ರಿಂಗುಗಳ ಪಾಲು. ಆದಕಾರಣ ಆಟೋದಲ್ಲಿ ಹಿಂದಿನ ಸ್ಪ್ರಿಂಗನ್ನು ಮನಬಂದಂತೆ ಮೆತ್ತಗೆ ಮಾಡುವಂತೆಯೂ ಇಲ್ಲ, ಗಾಡಿಯನ್ನು ಮನಬಂದಂತೆ ಎತ್ತರಿಸುವಂತೆಯೂ ಇಲ್ಲ.

ವಾಷರು ಹಾಕಿಸಿದ ಹದಿನೈದನೆಯ ದಿನ, ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಬರುವಾಗ, ಕೆರೆ ಏರಿಯ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ತಂದೆಯವರು ಬ್ರೇಕು ಒತ್ತಿದರು. ಒಳಪಕ್ಕದ ಹಿಂಗಾಲಿ ನೆಲ ಬಿಟ್ಟಿತು. ಅವರು ಹ್ಯಾಂಡಲನ್ನು ನೇರಕ್ಕೆ ಬಿಟ್ಟುದರಿಂದ ಗಾಡಿ ಉರುಳದೆ ಚರಂಡಿಯ ಕಟ್ಟೆಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಹುಡುಗಿಯ ಬುತ್ತಿಡಬ್ಬಿ ಬಿದ್ದು ಚಿತ್ರಾನ್ನ ಚೆಲ್ಲಿತು. ಅದೇ ಸಂಜೆ ಅವರು ತಾವೇ ಸ್ಪ್ಯಾನರು ಹಿಡಿದು ವಾಷರುಗಳನ್ನು ತೆಗೆದರು. ಆ ವಿಷಯವನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈಗ ಷಾಕ್ ಅಬ್ಸಾರ್ಬರಿನ ಮಾತು. ಹೆಸರಿನ ಮೇಲಿಂದ ಇದೇ ಏಟನ್ನು ನುಂಗುತ್ತದೆಂದು ತೋರುತ್ತದೆ. ವಾಸ್ತವವಾಗಿ ಏಟನ್ನು ಮೊದಲು ತೆಗೆದುಕೊಳ್ಳುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ಸಾಲ ಇಟ್ಟುಕೊಳ್ಳುವ ಬುದ್ಧಿಯಿಲ್ಲ. ತೆಗೆದುಕೊಂಡದ್ದನ್ನೆಲ್ಲ ತಿರುಗಿ ಕೊಟ್ಟುಬಿಡುತ್ತದೆ. ಆ ಮರುಪಾವತಿಯನ್ನು ತಡೆದು ಶಾಖವಾಗಿ ಕರಗಿಸುವುದು ಷಾಕಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಆಡುವ ಪಿಸ್ಟನ್ನು, ಅದರಲ್ಲಿ ಸಣ್ಣ ರಂಧ್ರಗಳು. ಮೆಲ್ಲಗೆ ಎಳೆದರೆ ಎಣ್ಣೆ ನುಸುಳುತ್ತದೆ, ರಭಸದಿಂದ ಎಳೆದರೆ ಬಿಗಿಯುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಮೈಲಿ ಬಂದ ಮೇಲೆ ಕೈಯಿಟ್ಟು ನೋಡಿದರೆ ಒಳ್ಳೆಯ ಷಾಕು ಬಿಸಿಯಾಗಿರುತ್ತದೆ. ತಣ್ಣಗಿದ್ದರೆ ಅದು ಸತ್ತಿದೆ. ಇನ್ನೂ ಸುಲಭದ ಪರೀಕ್ಷೆಯೆಂದರೆ ಗಾಡಿಯ ಮೂಲೆಯನ್ನು ಬಲವಾಗಿ ಅದುಮಿ ಬಿಡುವುದು. ಒಂದು ಸಲ ಏರಿ ಇಳಿದು ನಿಂತರೆ ಸರಿ. ನಮ್ಮದು ನಾಲ್ಕು ಸಲ ಕುಣಿಯಿತು. ಕೊಳವೆಯ ಹೊರಗೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು. ಮತ್ತೊಂದು ಸೂಕ್ಷ್ಮವನ್ನು ಮೇಷ್ಟರು ತೋರಿಸಿಕೊಟ್ಟರು: ಸ್ಪ್ರಿಂಗನ್ನು ಎರಡು ಪಟ್ಟು ಬಿರುಸು ಮಾಡಿ ಷಾಕನ್ನು ಹಾಗೆಯೇ ಬಿಟ್ಟರೆ, ಷಾಕು ಹೊಸದಾಗಿದ್ದರೂ ಅದರ ಹಿಡಿತ ಶೇಕಡ 30ರಷ್ಟು ಸಾಲದಾಗುತ್ತದೆ. ಎತ್ತು ಬಲವಾಯಿತು, ಮೂಗುದಾರ ಹಳೆಯದೇ ಉಳಿಯಿತು.

ಗಾಲಿಯ ಗಾತ್ರದ ದೋಷಕ್ಕೆ ಮಾತ್ರ ಮದ್ದಿಲ್ಲ. ಆಟೋದ ರಿಮ್ಮು ಎಂಟು ಅಂಗುಲದ್ದು, ಟೈರು ಸೇರಿ ತ್ರಿಜ್ಯ ಸುಮಾರು 20 ಸೆಂಟಿಮೀಟರು. 20 ಸೆಂಟಿಮೀಟರು ಅಗಲದ ಗುಂಡಿಯ ಮೇಲೆ ಇಂಥ ಗಾಲಿ ಉರುಳಿದರೆ 2.7 ಸೆಂಟಿಮೀಟರು ಒಳಗೆ ಇಳಿಯುತ್ತದೆ. 30 ಸೆಂಟಿಮೀಟರು ತ್ರಿಜ್ಯದ ಮೋಟಾರು ಸೈಕಲ್ಲಿನ ಗಾಲಿ ಇಳಿಯುವುದು 1.7 ಮಾತ್ರ. ಅಲ್ಲದೆ ಕಾರಿನ ಚಾಲಕ ಗುಂಡಿಯನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಂಡು ದಾಟಬಹುದು, ಮೋಟಾರು ಸೈಕಲ್ಲಿನವನು ಪಕ್ಕಕ್ಕೆ ಸರಿಯಬಹುದು. ಮೂರು ಗಾಲಿಯವನಿಗೆ ಮೂರು ಜಾಡು. ಒಂದನ್ನು ತಪ್ಪಿಸಿದರೆ ಇನ್ನೊಂದಕ್ಕೆ ಸಿಗುತ್ತದೆ.

ಹಂಪುಗಳ ವಿಷಯವಾಗಿಯೂ ಒಂದು ಮಾತು ಹೇಳದೆ ಇರಲಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪು 3.7 ಮೀಟರು ಅಗಲವಾಗಿಯೂ 10 ಸೆಂಟಿಮೀಟರು ಎತ್ತರವಾಗಿಯೂ 17 ಮೀಟರು ತ್ರಿಜ್ಯದ ವೃತ್ತದ ತುಣುಕಿನಂತೆಯೂ ಇರತಕ್ಕದ್ದು. ನಮ್ಮ ಬೀದಿಗಳಲ್ಲಿ ಊರವರೇ ಸೇರಿ ಸಿಮೆಂಟಿನಿಂದ ಕಟ್ಟುವುದು ಹಂಪಲ್ಲ, ಹೊಲದ ಬದು. ಆಟೋದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸುಮಾರು 2 ಮೀಟರು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬದುವನ್ನು ಮುಂಗಾಲಿ ಹತ್ತಿದ ಕಾಲು ಸೆಕೆಂಡಿಗೆ ಹಿಂಗಾಲಿ ಹತ್ತುತ್ತದೆ. ಮೂಗು ಇಳಿಯುವಾಗ ಬಾಲ ಏರಿ, ಗಾಡಿ ಏತದಂತೆ ತೂಗುತ್ತದೆ. ಚಾಲಕ ನಡುವೆ ಕುಳಿತು ಎರಡು ಕಡೆಯ ಏಟನ್ನೂ ತಿನ್ನುತ್ತಾನೆ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನಲ್ಲಿದ್ದ ಮಾರಿಸ್ ಆಲಿ ಎಂಬ ಇಂಜಿನಿಯರು ಇದಕ್ಕೊಂದು ಉಪಾಯ ಕಂಡುಕೊಂಡ: ಹಿಂದಿನ ಲಯವನ್ನು ಮುಂದಿನದಕ್ಕಿಂತ ತುಸು ಚುರುಕಾಗಿ ಇಟ್ಟರೆ, ತಡವಾಗಿ ಹೊರಟ ಬಾಲ ಮೂಗನ್ನು ಹಿಂದಟ್ಟಿ ಹಿಡಿದು, ಎರಡೂ ಒಟ್ಟಿಗೆ ಏರಿಳಿಯುತ್ತವೆ. ತುಸು ಎಂಬ ಮಾತನ್ನು ಗಮನಿಸಬೇಕು. ನಮ್ಮ ಗಾಡಿಯ ಬಾಲ ಮೂಗನ್ನು ದಾಟಿ ಮುಂದೆ ಓಡುತ್ತಿತ್ತು.

ಇಷ್ಟೆಲ್ಲ ಓದಿಕೊಂಡು ನಾನು ತಂದೆಯವರ ಮುಂದೆ ನಿಂತೆ. ಮನಸ್ಸಿನಲ್ಲಿ ಮೋಟಾರು ಸೈಕಲ್ಲಿನ ದುಬಾರಿ ಗ್ಯಾಸ್ ಷಾಕುಗಳನ್ನು ವೆಲ್ಡಿಂಗ್ ಮಾಡಿಸಿ ಹಾಕುವ ದೊಡ್ಡ ಯೋಜನೆಯೇ ಇತ್ತು. ಅದು ನಡೆಯಲಿಲ್ಲ, ನಡೆಯದಿದ್ದುದೇ ಒಳಿತಾಯಿತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಫ್.ಸಿ.ಗೆ ಹೋದಾಗ ವೆಲ್ಡಿಂಗಿನ ಗುರುತು ಕಂಡರೆ ಗಾಡಿ ಮನೆಯಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ನಮ್ಮ ಸುಧಾರಣೆಯೆಲ್ಲ ಹಿಂದಕ್ಕೆ ಹೋಗುವುದಾಯಿತು, ಎಂದರೆ ಗಾಡಿಯನ್ನು ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಕೊಂಡೊಯ್ಯುವುದು: ಹತ್ತು ಮಿಲಿಮೀಟರಿನ ಕಂಪೆನಿ ಸ್ಪ್ರಿಂಗು ಎರಡು, ಹೊಸ ಷಾಕು ಮೂರು, ತೋಳುಗಳ ಬುಷ್ಷು, ತಡೆರಬ್ಬರು. ಟೈರಿಗೆ ಕಂಪೆನಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಗಾಳಿ ತುಂಬಿಸುವ ಅಭ್ಯಾಸವನ್ನೂ ಬಿಡಿಸಿದೆ. ಅದಕ್ಕೆ ಕಾಸೂ ಖರ್ಚಿಲ್ಲ. ಚಾಲಕನ ಸೀಟಿನಲ್ಲಿ ಚಪ್ಪಟೆಯಾಗಿದ್ದ ಸ್ಪಂಜನ್ನು ತೆಗೆದು ಹೊಸದು ತುಂಬಿಸಿದೆವು. ಒಟ್ಟು ಐದು ಸಾವಿರದ ಚಿಲ್ಲರೆ. ಅದರಲ್ಲಿ ಮೂರು ಸಾವಿರ ನನ್ನ ವಿದ್ಯಾರ್ಥಿವೇತನದ್ದು.

ತಂದೆಯವರು ಸುಲಭವಾಗಿ ಒಪ್ಪಲಿಲ್ಲ. "ಲೆಕ್ಕ ಸರಿ ಇರಬಹುದಪ್ಪಾ, ಸೋಮವಾರ ಈರುಳ್ಳಿ ಯಾರು ಹೊರ್ತಾರೆ? ನಿನ್ನ ಪುಸ್ತಕ ಹೊರ್ತದಾ?" ಎಂದರು. ಈ ಪ್ರಶ್ನೆಗೆ ಹುಕ್ ಮಹಾಶಯನ ಬಳಿಯೂ ಉತ್ತರವಿಲ್ಲ. ಮೆತ್ತನೆಯ ಸ್ಪ್ರಿಂಗು, ಹೆಚ್ಚು ಮೂಟೆ ಎರಡೂ ಒಟ್ಟಿಗೆ ಸಾಧ್ಯವಿಲ್ಲ. ನಾನು ಸುಮ್ಮನಿದ್ದೆ. ನಮ್ಮ ತಾಯಿಯವರು ಒಲೆಯ ಮುಂದಿನಿಂದಲೇ, "ಈರುಳ್ಳಿ ಬೇಡ ಬಿಡಿ" ಎಂದರು. ಅವರು ಈಗ ಸೋಮವಾರಗಳಲ್ಲಿ ಒಂದು ಮನೆಯಲ್ಲಿ ಹಪ್ಪಳ ಲಟ್ಟಿಸಲು ಹೋಗುತ್ತಾರೆ.

ಹೊಸ ಸ್ಪ್ರಿಂಗು ಕೂರಿಸಿ ಏಳು ತಿಂಗಳಾಯಿತು. ಸೊಂಟನೋವು ಹೋಯಿತೆಂದು ಹೇಳಿದರೆ ಸುಳ್ಳಾದೀತು. ಸವೆದ ಮೆತ್ತೆ ಸ್ಪ್ರಿಂಗಿನಿಂದ ಬೆಳೆಯುವುದಿಲ್ಲ. ಮೊದಲು ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದು ನೆಲದ ಮೇಲೆ ಮಲಗಿಬಿಡುತ್ತಿದ್ದರು. ಈಗ ಸಂಜೆಯ ಬಸ್ಸುಗಳು ಬರುವವರೆಗೂ ನಿಲ್ದಾಣದಲ್ಲಿರುತ್ತಾರೆ. ಗಾಡಿಯ ಬಗೆಗೆ ಅವರು ಆಡಿದ ಮಾತು ಒಂದೇ: "ಹಿಂದೆ ಕೂತೋರು ಈಗ ಫೋನಿನಲ್ಲಿ ಮಾತಾಡ್ತಾರೆ, ಮುಂಚೆ ಸರಳು ಹಿಡ್ಕೊಂಡಿರ್ತಿದ್ರು." ನಿಲ್ದಾಣದ ಮತ್ತಿಬ್ಬರು ತಮ್ಮ ಗಾಡಿಗಳನ್ನು ಅಳೆದು ನೋಡೆಂದು ನನ್ನನ್ನು ಕರೆದರು. ಒಬ್ಬರದರಲ್ಲಿ ಸ್ಪ್ರಿಂಗು ಸರಿಯಾಗಿತ್ತು, ಷಾಕು ಸತ್ತಿತ್ತು. ಇನ್ನೊಬ್ಬರು ಬ್ಯಾಟರಿಯಿಂದ ಓಡುವ ಹೊಸ ಗಾಡಿ ಕೊಂಡಿದ್ದಾರೆ. ಅದರಲ್ಲಿ ಇಂಜಿನ್ನಿನ ನಡುಕವಿಲ್ಲ, ಆದರೆ ಕೆರೆ ಏರಿಯ ಗುಂಡಿ ಅದಕ್ಕೂ ಗುಂಡಿಯೇ.

ಹನ್ನೆರಡು ಮಿಲಿಮೀಟರಿನ ಆ ಹಳೆಯ ಜೋಡಿಯನ್ನು ತಂದೆಯವರು ಗುಜರಿಗೆ ಹಾಕಿಲ್ಲ. ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದಾರೆ. ಜೂನಿನಲ್ಲಿ ತಂಗಿಯನ್ನು ಕಾಲೇಜಿಗೆ ಸೇರಿಸಬೇಕು.